ಫ್ಯಾಟ್ ಎಷ್ಟು

ಇಪ್ಪತ್ತೆರಡು ವರ್ಷ ಆತು,
ಹಾಲು ಅಳಿಯೋದೇ ನನ್ನ ಕೆಲಸ.
ಆಳಂದ ರೋಡಿನ ಡೈರಿ ಶೆಡ್ಡಿನಾಗ
ಬೆಳಗಿನ ಐದಕ್ಕ ಕ್ಯಾನಿನ ಮುಚ್ಚಳ ತೆಗದ್ರ
ಮೂಗೇ ಹೇಳ್ತದ, ಯಾರು ನೀರು ಬೆರಸ್ಯಾರ,
ಯಾರ ಎಮ್ಮಿ ಹತ್ತಿಕಾಳು ತಿಂದದ.

ಅಂಥವನ ಮನಿಯಾಗ
ಮಗಳು ಭುವನಾ ಚಹಾದ ಕಪ್ಪು ಹಿಂದಕ ಸರಸಿದ್ಲು.
ಜಗಳ ಇಲ್ಲ, ಭಾಷಣ ಇಲ್ಲ.
ಹಿಂದಿನ ದಿನ ನನ್ನ ಕೂಡ ಗಾಡಿ ಮ್ಯಾಲೆ
ಹಾಲು ಹಾಕವ್ರ ಕೊಟ್ಟಿಗಿಗಿ ಬಂದಿದ್ಲು.
ಅಲ್ಲಿ ಎಮ್ಮಿ ಮುಂದ ಒಂದು ಕರ ನಿಂತಿತ್ತು.
ಹೊಟ್ಟಿ ತುಂಬ ಹುಲ್ಲು,
ತಿಂದದ್ದಲ್ಲ, ತುಂಬಿದ್ದು.
ಚರ್ಮಕ್ಕ ಗೋಣಿದಾರದ ಹೊಲಿಗಿ.
ಎಮ್ಮಿ ಅದನ್ನ ನೆಕ್ಕತಿತ್ತು.
ನಾ ಎಷ್ಟೋ ಸಲ ನೋಡೀನಿ.
ನೋಡೇ ಇಲ್ಲ.

ಅವತ್ತಿನಿಂದ ಶಹಾಬಜಾರದ ನಮ್ಮ ಅಡಗಿಮನಿ
ಲ್ಯಾಬೋರೇಟರಿ ಆತು.
ಮೊದಲು ಶೇಂಗಾ. ನೆನಸಿ, ರುಬ್ಬಿ, ಸೋಸಿ,
ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪು.
ಮಹಾನಂದಾ ಹಣಿ ಬಡಕೊಂಡ್ಲು:
"ತೊಟ್ಟಿನಿಂದ ಮೊಸರು ಆಗೋದಾದ್ರ
ನಾಳಿ ಗೂಟ ಹಿಂಡಿ ಹಾಲು ಕರಿ."
ನಲವತ್ಮೂರು ಡಿಗ್ರಿ ಬಿಸಲಿಗಿ
ಅದು ಮೂರನೇ ತಾಸಿಗೆ ಹೆಪ್ಪಾಗಿ, ಆರನೇ ತಾಸಿಗೆ ಹುಳಿಯಾಗಿ
ಸಂಜಿಗೆ ಗುಳ್ಳಿ ಬಿಟಗೋತ
ತಾನೇ ಮಾತಾಡ್ಲಾಕ ಹತ್ತಿತು.
ಕೆಳಗಿನ ಮನಿ ಖಾತೂನಬಿ ಬೆರಳು ಅದ್ದಿ ನೆಕ್ಕಿ
"ಭಾಯಿ, ಇದಕ ಬದನಿಕಾಯಿ ಕೂಡಸ್ರಿ" ಅಂದ್ಲು.
ಕೂಡಸಿದ್ವಿ. ಗಂಗಾಳ ಬರಿದಾತು.

ಸೋಯಾ ಚಹಾ ಒಡೀತು.
ಹೋಳಿಗಿ ಮ್ಯಾಲ ತುಪ್ಪದ ಬದಲಿ ಎಣ್ಣಿ ಸುರದ್ರ
ಸಣ್ಣ ಮಗ ಅಂದ, ಅಪ್ಪಾ,
ಹೋಳಿಗಿ ಮಿರ್ಚಿ ಅಂಗಡಿ ಹಾದು ಬಂದದ.
ಪುಂಡಿಪಲ್ಯ, ಜೋಳದ ರೊಟ್ಟಿ, ಶೇಂಗಾ ಹಿಂಡಿ,
ಇವಕ್ಕ ಮಾತ್ರ ಯಾರೂ ಹೊಸ ಹೆಸರು ಇಡಲಿಲ್ಲ.
ಮೊದಲಿಂದ ತಮ್ಮ ಪಾಡಿಗೆ ತಾವು ಹಂಗೇ ಇದ್ವು.

ಆಷಾಢದಾಗ ಜೇವರ್ಗಿ ಕಡಿಂದ
ಸೋದರತ್ತಿ ಈರಮ್ಮ ಬಂದ್ಲು.
ಮಿಕ್ಸರ್ ನೋಡಿದ್ಲು, ಸೋಸೋ ಅರಿವಿ ನೋಡಿದ್ಲು.
"ಏನ್ ನಡಸೀರಿ?"
ಹೇಳಿದ್ವಿ. ಗಪ್ಪಾದ್ಲು.
ಆಮ್ಯಾಲ ಸಿಟ್ಟಿಲೆ:
"ನಮಗ ಎಮ್ಮಿ ಇರಲಿಲ್ಲ.
ಕುಸುಬಿ ರುಬ್ಬಿ, ಹಳಿ ಸೀರಿ ಚೂರಿನಾಗ ಹಿಂಡಿ
ಅದನ್ನೇ ಹಾಲಂತ ಕುಡದೀವಿ.
ಮಂದಿ ಕೇಳಿದ್ರ ಬಾಯಿ ಬಿಡ್ತಿದ್ದಿಲ್ಲ.
ಈಗ ಡೈರಿಯವನ ಮಗಳಿಗಿ
ಬೇಕಂತ ಬೇಕಾಗ್ಯದ."

ಭುವನಾ ಏನೂ ಅನ್ನಲಿಲ್ಲ.
ಶಹಾಬಾದ್ ಕಲ್ಲಿನ ನೆಲಕ್ಕ ಅಕಿ ಪಕ್ಕ ಕುಂತು
"ಎಷ್ಟು ಹೊತ್ತು ನೆನಸಬೇಕು?" ಅಂದ್ಲು.

ಈರಮ್ಮತ್ತಿ ತನ್ನ ಅಂಗೈ ನೋಡಕೋತ ಕುಂತ್ಲು.
ಕುಸುಬಿ ಕೊಯ್ಯೂದಂದ್ರ ಮೈಯೆಲ್ಲ ಮುಳ್ಳು,
ಕೈಗಿ ಅರಿವಿ ಸುತಗೊಂಡು ಇಳೀಬೇಕು ಹೊಲಕ್ಕ.
ಅಂಥ ಗಿಡದ ಕಾಳಿನಾಗ
ಅಷ್ಟು ಬೆಳ್ಳಗಂದು ಹೆಂಗ ಅಡಗಿ ಕುಂತದೋ.
"ರಾತ್ರಿ ಪೂರಾ," ಅಂದ್ಲು.

ಮುಂಜಾನಿ ಹಿಂಡಿದ್ರು.
ಗೋಧಿ ನುಚ್ಚು, ಬೆಲ್ಲ, ಯಾಲಕ್ಕಿ.
"ತಿರುವು, ಕೈ ಬಿಡಬ್ಯಾಡ, ಒಡದು ಕುಂದರ್ತದ."
ನಾ ಸುಮ್ಮಿರಲಾರದ
ಒಂದು ಲೋಟ ತೆಗದು ಲ್ಯಾಕ್ಟೋಮೀಟರ್ ಬಿಟ್ಟೆ.
ಗೊತ್ತಿಲ್ಲದ ಊರಾಗ ಬಸ್ ಇಳಿದವರಂಗ
ಅದು ಅತ್ತ ಹೊಳ್ಳಿ, ಇತ್ತ ಹೊಳ್ಳಿ
ಒಂದು ಕಡಿ ನಿಂತಿತು.
"ಫ್ಯಾಟ್ ಎಷ್ಟಪ್ಪಾ?" ಮಗಳು ನಕ್ಳು.
ಇದು ಫ್ಯಾಟ್ ಅಳಿಯೋದಲ್ಲವಾ ಅಂತ ಹೇಳಬೇಕಂದೆ.
ಅಳದ್ರೂ ಎಲ್ಲಿ ಬರೀಲಿ,
ನನ್ನ ರಿಜಿಸ್ಟರಿನಾಗ ಎರಡೇ ಕಾಲಂ:
ಆಕಳು, ಎಮ್ಮಿ.

ಈರಮ್ಮತ್ತಿ ಒಂದು ತುತ್ತು ಹುಗ್ಗಿ ಬಾಯಾಗ ಹೊಳ್ಳಾಡಸಿ
"ಆಗ ಇಷ್ಟು ಬೆಲ್ಲ ಇರತಿದ್ದಿಲ್ಲ" ಅಂದ್ಲು.
ಮತ್ತೊಂದು ಸೌಟು ಹಾಕಸಕೊಂಡ್ಲು.

ಮರುದಿನ ಐದಕ್ಕ ಡ್ಯೂಟಿ.
ಎರಡು ಸಲ ಸಾಬೂನು ಹಚ್ಚಿದ್ರೂ
ಕೈಯಾಗ ಕುಸುಬಿ ವಾಸನಿ.
ನಾಕನೇ ಕ್ಯಾನು ಆ ಕೊಟ್ಟಿಗಿದು.
ಮುಚ್ಚಳ ತೆಗದೆ, ಮಷೀನಿಗಿ ಹಾಕಿದೆ,
ಆರು ಪಾಯಿಂಟ್ ಎಂಟು ಅಂತ ಬರದೆ.
ಚಲೋ ಹಾಲು.